ಒದ್ದೆಯಾಗದ ಛತ್ರಿ

ಕೆಲವು ತಿಂಗಳ ಹಿಂದೆ ಚಾಮರಾಜಪೇಟೆಯ ರಿಪೇರಿ ಅಂಗಡಿಯಲ್ಲಿ ಮಿಕ್ಸಿ ಕೊಡಲು ನಿಂತಿದ್ದಾಗ, ಹುಡುಗನೊಬ್ಬ ಹಳೆಯ ಡಬ್ಬಾ ಟಿವಿಯನ್ನು ಆನ್ ಮಾಡಿದ. ಅದರ ಬೆನ್ನಿನಿಂದ ಕಾದ ಧೂಳಿನ ವಾಸನೆ ಬಂತು. ನನಗೆ ಹಸಿವಾಯಿತು. ನಿಮ್ಮ ಮನೆಯಲ್ಲೂ ಅಂಥ ಟಿವಿ ಇದ್ದಿದ್ದರೆ ಈ ಹಸಿವು ನಿಮಗೂ ಗೊತ್ತು. ಎಂಬತ್ತರ ದಶಕದಲ್ಲಿ, ಅದೇ ಪೇಟೆಯ ನಮ್ಮ ಮನೆಯಲ್ಲಿ, ಆ ವಾಸನೆಯೂ ಅಮ್ಮನ ಹುಳಿಗೆ ಬೀಳುವ ಇಂಗಿನ ಒಗ್ಗರಣೆಯೂ ವಾರಕ್ಕೊಮ್ಮೆ ಒಟ್ಟಿಗೇ ನಡುಮನೆಗೆ ಬರುತ್ತಿದ್ದವು. ಅಂದು ಹಿಂದಿಯ ಪತ್ತೇದಾರಿ ಧಾರಾವಾಹಿ. ನಾವು ಅದರ ಒಂದು ಕಂತನ್ನೂ ಕೊನೆಯವರೆಗೆ ನೋಡಿದವರಲ್ಲ. ಗೋಡೆ ಗಡಿಯಾರ ಒಂಬತ್ತು ಹೊಡೆದರೆ ಊಟ. ಪತ್ತೇದಾರ ಎಲ್ಲರನ್ನೂ ಒಂದೆಡೆ ಕೂರಿಸಿ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಅಪ್ಪ ಎದ್ದು ಟಿವಿ ಆರಿಸಿ, ಪೆಟ್ಟಿಗೆಯ ಮರದ ಬಾಗಿಲನ್ನು ಸರ್ರನೆ ಎಳೆದುಬಿಡುತ್ತಿದ್ದರು. ಯಾವನೋ ಕೊಲೆಗಾರನಿಗಾಗಿ ಅನ್ನ ಆರಬಾರದು ಎಂಬುದು ಅವರ ಶಿಸ್ತು.

ಹಾಗಾಗಿ ತೀರ್ಪು ತಟ್ಟೆಯ ಮುಂದೆ ಆಗಬೇಕಿತ್ತು. ನಮ್ಮೊಂದಿಗೇ ಇದ್ದ ಅಪ್ಪನ ಅಕ್ಕ, ಶಾರದತ್ತೆ, ಹಿಂದಿ ಪರೀಕ್ಷೆಗಳನ್ನು ಪಾಸು ಮಾಡಿದ್ದವರು. ನಮಗೆಲ್ಲ ಕಥೆಯನ್ನು ಕನ್ನಡಕ್ಕೆ ದಾಟಿಸುತ್ತಿದ್ದರು. ಅಪ್ಪ ಮಾತ್ರ ಪೇಪರ್ ಹಿಡಿದು, ಇದೆಲ್ಲ ತನಗೆ ಸಂಬಂಧವಿಲ್ಲ ಎಂಬಂತೆ ಕೂರುತ್ತಿದ್ದರು. ಒಂದು ಕಂತಿನಲ್ಲಿ ಬಂಗಲೆಯ ಯಜಮಾನ ವಿಷದ ಹಾಲು ಕುಡಿದು ಸತ್ತ. ಹೊರಗೆ ಜಡಿಮಳೆ. ಡಾಕ್ಟರು ಬಂದು ಛತ್ರಿಯನ್ನು ಮೂಲೆಗಿಟ್ಟರು. ಛತ್ರಿಯ ಮೇಲೆ ಒಂದು ಹನಿಯೂ ಇರಲಿಲ್ಲ.

“ಡಾಕ್ಟ್ರೇ ಕೊಂದಿರೋದು. ಅವನು ಮೊದ್ಲಿಂದ್ಲೂ ಮನೆ ಒಳಗೇ ಇದ್ದ,” ಎಂದರು ಅತ್ತೆ, ಅನ್ನ ಕಲೆಸುತ್ತಾ.

“ಕಾರಲ್ಲಿ ಬಂದಿರ್ತಾನೆ ಕಣಕ್ಕ,” ಎಂದರು ಅಪ್ಪ.

“ಕಾರಲ್ಲಿ ಬಂದೋನಿಗೆ ಛತ್ರಿ ಯಾಕೋ ಶೀನ?”

“ಹೆಂಡ್ತೀನೇ ಕೊಂದಿರೋದು,” ಎಂದು ಅಪ್ಪ ಮಾತು ತಿರುಗಿಸಿದರು. “ಹಾಲು ಕುಡಿದು ಸತ್ತ, ಆಮೇಲೆ ನೋಡಿದ್ರೆ ಲೋಟ ತುಂಬಿದೆ. ಬದಲಾಯ್ಸಿದೋರು ಯಾರು ಮತ್ತೆ?”

“ಓಹೋ! ಪೇಪರ್ ಓದ್ತಿದ್ದೋರಿಗೆ ಲೋಟ ಹೇಗಪ್ಪ ಕಾಣಿಸ್ತು?”

“ಅವರು ಪುಟ ತಿರುಗ್ಸಿ ಅರ್ಧ ಗಂಟೆ ಆಯ್ತು,” ಎಂದರು ಅಮ್ಮ, ಹುಳಿ ಬಡಿಸುತ್ತಾ.

ಆ ಜಗಳ ಬಗೆಹರಿಯಲೇ ಇಲ್ಲ. ಶಾಲೆಯಲ್ಲಿ ಯಾರಾದರೂ ಕೊನೆ ಹೇಳಲು ಬಂದರೆ ನಾನು ಕಿವಿ ಮುಚ್ಚಿಕೊಳ್ಳಬೇಕೆಂದು ಅತ್ತೆಯ ಕಟ್ಟಪ್ಪಣೆ. ವರ್ಷಗಟ್ಟಲೆ, ಮಳೆಯಲ್ಲಿ ಹೊರಗಿನಿಂದ ಬಂದಾಗಲೆಲ್ಲ ಅತ್ತೆ ಅಪ್ಪನ ಮುಂದೆ ಛತ್ರಿ ಕೊಡವುತ್ತಿದ್ದರು: “ನೋಡೋ, ಹೀಗೆ ತೊಟ್ಟಿಕ್ಕತ್ತೆ!” ಕೊನೆಗೆ ಅವರು ಹಾಸಿಗೆ ಹಿಡಿದಾಗ ಅಪ್ಪ ಪಕ್ಕದಲ್ಲಿ ಕೂತು, “ಡಾಕ್ಟ್ರೇ ಇರ್ಬೋದು ಕಣಕ್ಕ,” ಎಂದರು. ಅತ್ತೆ ಕಣ್ಣು ತೆರೆದು, “ಸುಮ್ನಿರೋ, ಸೋತೋರ ಥರ ಮಾತಾಡ್ಬೇಡ,” ಎಂದರು. ಈಗ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಮನೆಯ ಜಾಗದಲ್ಲಿ ಬಟ್ಟೆಯ ಗೋದಾಮು.

ಅಂಗಡಿಯಿಂದ ಬಂದವಳೇ ಫೋನಿನಲ್ಲಿ ಆ ಕಂತನ್ನು ಹುಡುಕಿ, ಇಬ್ಬರಲ್ಲಿ ಗೆದ್ದವರಾರೆಂದು ತಿಳಿಯಲು ಕೊನೆಯವರೆಗೂ ನೋಡಿದೆ. ಕೊಂದವನು ಡಾಕ್ಟರಲ್ಲ, ಹೆಂಡತಿಯೂ ಅಲ್ಲ. ಅಲ್ಲಿಯವರೆಗೆ ಕಥೆಯಲ್ಲಿ ಹೆಸರೇ ಇಲ್ಲದ, ಯಜಮಾನನ ಅವಳಿ ತಮ್ಮನೊಬ್ಬ ಪರದೆಯ ಹಿಂದಿನಿಂದ ಬಂದು, ಯಾರೂ ಕೇಳದಿದ್ದರೂ ತಪ್ಪೊಪ್ಪಿಕೊಂಡ! ಛತ್ರಿಯ ಮಾತಿಲ್ಲ, ಲೋಟದ ಮಾತಿಲ್ಲ. ಛತ್ರಿಯ ಮೇಲೆ ಒಂದು ಚೊಂಬು ನೀರು ಸುರಿಯಲಾಗದ ಸೋಮಾರಿಗಳು ತೆಗೆದ ಧಾರಾವಾಹಿ ಇದು. ಇದನ್ನು ಶ್ರೇಷ್ಠವೆಂದು ಹೊಗಳುವವರು ಇಂದಿಗೂ ಇದ್ದಾರೆ. ಅವರಿಗೆ ಬೇರೆ ಕೆಲಸವಿಲ್ಲ. ಧಾರಾವಾಹಿ ತೆಗೆದವರ ಬೇಜವಾಬ್ದಾರಿಯನ್ನು ಸುಳಿವೆಂದು ನಂಬಿ ನಮ್ಮ ಮನೆಯಲ್ಲಿ ಇಬ್ಬರು ಬುದ್ಧಿವಂತರು ಅಷ್ಟು ವರ್ಷ ವಾದಿಸಿದರು. ಆ ಧಾರಾವಾಹಿಗಿಂತ ಒಳ್ಳೆಯ ಕಥೆ ನಮ್ಮ ಅಡುಗೆಮನೆಯಲ್ಲಿತ್ತು.

ಆದರೂ ವಾರಕ್ಕೊಂದು ಕಂತು ನೋಡುತ್ತೇನೆ. ಪತ್ತೇದಾರ ಎಲ್ಲರನ್ನೂ ಕೂರಿಸಿ ಗಂಟಲು ಸರಿಮಾಡಿಕೊಳ್ಳುತ್ತಾನೆ. ಅವನ ಬಳಿ ಹೇಳಲು ಏನೂ ಇಲ್ಲವೆಂದು ಈಗ ನನಗೆ ಗೊತ್ತು. ಆರಿಸಿ, ಅನ್ನ ಬಡಿಸಿಕೊಂಡು, ಅತ್ತೆಯ ಕಡೆಯಿಂದ ಒಮ್ಮೆ, ಅಪ್ಪನ ಕಡೆಯಿಂದ ಒಮ್ಮೆ ವಾದ ಹೂಡುತ್ತೇನೆ. ಇಲ್ಲಿಯವರೆಗೆ ಯಾರೂ ಸೋತಿಲ್ಲ.