ಕೊಕ್ಕೊ ಆಟಕ್ಕೊಂದು ದೀಡ ನಮಸ್ಕಾರ

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಕುಷ್ಟಗಿಯಲ್ಲಿ ನಾನು ಹೈಸ್ಕೂಲು ಓದುತ್ತಿದ್ದೆ. ಡ್ರಿಲ್ ಮಾಸ್ತರರು ಹುಡುಗಿಯರ ಕೊಕ್ಕೊ ತಂಡ ಕಟ್ಟುತ್ತಾರಂತೆ, ಗಂಗಾವತಿಯ ಪಂದ್ಯಕ್ಕೆ ಬಸ್ಸಿನಲ್ಲಿ ಕರೆದೊಯ್ಯುತ್ತಾರಂತೆ ಎಂದು ಕೇಳಿದ್ದೇ ತಡ, ಎಲ್ಲರಿಗಿಂತ ಮೊದಲು ಹೆಸರು ಕೊಟ್ಟೆ. ಮನೆಯಲ್ಲಿ ಅಪ್ಪ, ಅವ್ವ ಇದ್ದರೂ ನಡೆಯುತ್ತಿದ್ದುದು ಅಜ್ಜಿಯ ಮಾತು. ಆಡಲು ಬಿಟ್ಟಳು, ಗಂಗಾವತಿಯ ಮಾತು ಆಮೇಲೆ ನೋಡೋಣ ಎಂದಳು. ಮೇಲೊಂದು ಕರಾರು ಹಾಕಿದಳು.

"ಕಾಲು ನೋವು ಅಂತ ಒಮ್ಮಿ ಅಂದಿ ಅಂದ್ರ ಆಟ ಬಂದ್, ನೋಡು. ನೀರು ತರೋದು, ಕಸಾ ಹೊಡ್ಯೋದು ತಪ್ಪಂಗಿಲ್ಲ."

ಮಾಸ್ತರರಿಗೆ ದಯೆ ಎಂಬುದೇ ಇರಲಿಲ್ಲ. ಬಸ್ಕಿ ಹೊಡೆಸುವರು, ಕುಕ್ಕರಗಾಲಲ್ಲಿ ಕೂರಿಸಿ ಕಪ್ಪೆಯ ಹಾಗೆ ಜಿಗಿಸುವರು, ಆಮೇಲೆ ಕಂಬದಿಂದ ಕಂಬಕ್ಕೆ ಓಡಿಸುವರು. "ಸಾಕ್ರೀ ಸರ್" ಎಂದರೆ, "ಬ್ಯಾನಿ ಆಗಾಕತ್ತೈತಿ ಅಂದ್ರ ಕಾಲು ಗಟ್ಟಿ ಆಗಾಕತ್ತಾವು ಅಂತ ತಿಳೀರಿ. ಏಳ್ರಿ" ಎನ್ನುತ್ತಿದ್ದರು. ಮನಸ್ಸಿನಲ್ಲೇ ಬೈಯುತ್ತ ಏಳುತ್ತಿದ್ದೆ. ಒಂದು ಬೆಳಿಗ್ಗೆ ತೊಡೆಗಳು ನನ್ನ ಮಾತು ಕೇಳುವುದನ್ನೇ ಬಿಟ್ಟವು. ಬಯಲ ಕಡೆಗೆ ಹೋದಾಗ ಎಬ್ಬಿಸಲು ಗೆಳತಿಯ ಕೈ ಬೇಕಾಯಿತು.

ಅಜ್ಜಿಯ ಎದುರು ಮಾತ್ರ ನೆಟ್ಟಗೆ ನಡೆಯಬೇಕು. ಸಂಜೆ ದೇವರ ಜಗಲಿಗೆ ದೀಪ ಹಚ್ಚಿ ಅಡ್ಡಬಿದ್ದೆ. ಬಿದ್ದದ್ದೇನೋ ಬಿದ್ದೆ, ಏಳಲಾಗಲಿಲ್ಲ. ಅಜ್ಜಿ ಬಾಗಿಲಲ್ಲೇ ನಿಂತಿದ್ದಾಳೆ, ಅಯ್ಯೋ ಅನ್ನುವ ಹಾಗಿಲ್ಲ. ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ ಹಾಗೇ ಬಿದ್ದುಕೊಂಡೆ. ಮರುದಿನವೂ ಇದೇ ಗತಿ. ಅಜ್ಜಿಯ ಕಣ್ಣು ಒದ್ದೆಯಾದವು.

"ನಮ್ಮ ಹುಡುಗಿಗೆ ಎಂಥಾ ಭಕ್ತಿ ಬಂದೈತಿ ನೋಡು" ಎಂದು ಅವ್ವನಿಗೆ ಹೇಳಿದಳು. "ಈ ಶನಿವಾರ ಹನುಮಪ್ಪಗ ದೀಡ ನಮಸ್ಕಾರ ಹಾಕ್ತಾಳ ಅಂತ ಬೇಡ್ಕೊಂಡೀನಿ."

ದೀಡ ನಮಸ್ಕಾರವೆಂದರೆ ತಮಾಷೆಯೇ? ಒದ್ದೆ ಬಟ್ಟೆಯಲ್ಲಿ ಮನೆಯಿಂದ ಗುಡಿಯವರೆಗೂ ನೆಲಕ್ಕೆ ಉದ್ದಕ್ಕೆ ಮಲಗಬೇಕು, ಕೈ ಮುಟ್ಟಿದಲ್ಲಿ ಗೆರೆ ಎಳೆಯಬೇಕು, ಎದ್ದು ಆ ಗೆರೆಯ ಮೇಲೆ ನಿಂತು ಮತ್ತೆ ಮಲಗಬೇಕು. ಎರಡು ಓಣಿ, ಆಮೇಲೆ ಏರು. ಒಲ್ಲೆ ಎಂದರೆ ಕಾರಣ ಹೇಳಬೇಕು, ಕಾರಣ ಹೇಳಿದರೆ ಸೋಮವಾರದ ಗಂಗಾವತಿ ಹೋಯಿತು. ಬೀಸುವ ದೊಣ್ಣೆ ತಪ್ಪಿಸಿಕೊಂಡೆ ಅಂದುಕೊಂಡವಳ ಬೆನ್ನಿಗೆ ಒನಕೆಯ ಪೆಟ್ಟು ಬಿದ್ದಂತಾಯಿತು.

ಶನಿವಾರ ಬೆಳಿಗ್ಗೆ ಓಣಿಯ ಹೆಂಗಸರು ದಾರಿಗೆ ನೀರು ಚಿಮುಕಿಸಿದರು. ಮೊದಲ ಓಣಿ ಮುಗಿಯುವಷ್ಟರಲ್ಲಿ ಹರಳು ಮೊಣಕಾಲಿಗೆ ಚುಚ್ಚಿ, ತೊಡೆ ಉರಿದು, ನನಗೆ ಹನುಮಪ್ಪನ ಮೇಲೂ ಸಿಟ್ಟು ಬಂತು. ನರಳುವ ಬದಲು "ಹನುಮಪ್ಪಾ!" ಎಂದು ಕೂಗಿದೆ. ನೋವು ಹೆಚ್ಚಾದಂತೆ ಕೂಗೂ ಹೆಚ್ಚಾಯಿತು, ಹೆಂಗಸರು ಕೈಮುಗಿದು ನಿಂತರು. ಆದರೆ ಏರು ಹತ್ತುವ ಹೊತ್ತಿಗೆ ಕಾಲು ಕಾಯ್ದು ಸಡಿಲಾದವು. ತೆವಳಿ ಏಳುತ್ತಿದ್ದವಳು ಒಂದೇ ನೆಗೆತಕ್ಕೆ ಏಳತೊಡಗಿದೆ. ಮಾಸ್ತರರು ಹೇಳಿದ್ದು ಸುಳ್ಳಲ್ಲ ಎಂದು ತಿಳಿದು ಅಷ್ಟು ಜನರ ನಡುವೆ ಖುಷಿಗೆ ನಗು ಬಂದುಬಿಟ್ಟಿತು.

ಗುಡಿಯ ಕಟ್ಟೆಯ ಮೇಲೆ ಅಜ್ಜಿ ಕೇಳಿದಳು, "ಏನು ಬೇಡ್ಕೊಂಡಿ?"

ದೇವರ ಮುಂದೆ ಸುಳ್ಳು ಹೇಗೆ ಹೇಳಲಿ? "ಗಂಗಾವತಿಗೆ ಆಡಾಕ ಕಳಸು ಅಂತ ಬೇಡ್ಕೊಂಡ್ನಿ ಅಜ್ಜಿ."

ಅಜ್ಜಿ ನನ್ನನ್ನು ನೋಡಿದಳು, ಹನುಮಪ್ಪನನ್ನು ನೋಡಿದಳು. "ಇಲ್ಲಿ ಬಂದು ಕೇಳಿಬಿಟ್ಟಿ. ಇನ್ನ ನಾ ಬ್ಯಾಡ ಅಂದ್ರ ಪಾಪ ನನಗ ಹತ್ತತೈತಿ. ಹೋಗು."

ಗಂಗಾವತಿಯಲ್ಲಿ ಗೆದ್ದೆವು. ಎದುರಾಳಿಗಳ ಕೊನೆಯ ಹುಡುಗಿ ಕಂಬ ಸುತ್ತಿ ತಪ್ಪಿಸಿಕೊಳ್ಳುವಾಗ ಉದ್ದಕ್ಕೆ ಬಿದ್ದು ಅವಳನ್ನು ಮುಟ್ಟಿದವಳು ನಾನು. ಬೀಳುವುದು, ಏಳುವುದು ಆಗ ನನಗೆ ನೀರು ಕುಡಿದಷ್ಟು ಸಲೀಸು. ಊರಿಗೆ ಬಂದರೆ ಅಜ್ಜಿ ಮನೆಮನೆಗೂ ಹೋಗಿ "ಹನುಮಪ್ಪ ಗೆಲ್ಲಿಸಿದ" ಎಂದು ಸಾರಿ ಬಂದಿದ್ದಳು. ನನಗೆ ಮೈಯೆಲ್ಲ ಉರಿಯಿತು. ಅವಳು ಮಾತ್ರ ಔಡಲೆಣ್ಣೆ ಬೆಚ್ಚಗೆ ಮಾಡಿಕೊಂಡು ಬಂದು, ನಾನು ಕೇಳದೆಯೇ ನನ್ನ ಕಾಲು ಎಳೆದು ತೊಡೆಯ ಮೇಲಿಟ್ಟುಕೊಂಡಳು.

"ಓಡಿದಾಕಿ ನಾನು, ಹೆಸರು ಹನುಮಪ್ಪಂದು!" ಎಂದು ಸಿಡುಕಿದೆ.

ಅಜ್ಜಿ ತಲೆ ಎತ್ತದೆ ಮೀನಖಂಡ ತಿಕ್ಕುತ್ತಲೇ ಹೇಳಿದಳು, "ಗೊತ್ತೈತಿ ಬಿಡು. ಹನುಮಪ್ಪನ ಕಾಲು ಹಿಂಗ ಬಾತಿಲ್ಲ."