ಇಸ್ತ್ರಿ ಬೋರ್ಡಿನ ಮೇಲೊಂದು ಕ್ಷೇತ್ರ

ಕೊರೊನಾ ಬಂದು ಎಲ್ಲರೂ ಮನೆ ಸೇರಿದಾಗ ಮೇನೂತ್ ಎಂಬ ಈ ಪರದೇಶದ ಊರಿನ ನಮ್ಮ ಬಾಡಿಗೆ ಮನೆಯಲ್ಲಿ ಕೂತು ಬರೆಯಲು ಇದ್ದದ್ದು ಊಟದ ಮೇಜು ಒಂದೇ. ಸ್ಯಾಂಡಿಫರ್ಡ್‌ನ ಆಫೀಸನ್ನೇ ಮನೆಗೆ ಹೊತ್ತು ತಂದ ಗಂಡ ಅದರ ಮುಕ್ಕಾಲು ಭಾಗವನ್ನು ಆಕ್ರಮಿಸಿದ. ಉಳಿದದ್ದು ಮಗಳ ಆನ್‌ಲೈನ್ ಶಾಲೆಗೆ ಹೋಯಿತು. ವಿಶ್ವವಿದ್ಯಾಲಯಕ್ಕೆ ಪ್ರಬಂಧ ಬರೆಯುತ್ತಿದ್ದ ನನಗೆ ಸಿಕ್ಕಿದ್ದು ಇಸ್ತ್ರಿ ಬೋರ್ಡು. ಎತ್ತರ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು ಎಂದು ಗಂಡ ಅದರ ಗುಣಗಾನ ಬೇರೆ ಮಾಡಿದ. ಮೊಣಕೈ ಊರಿದರೆ ಇಡೀ ಬೋರ್ಡೇ ವಾಲುತ್ತಿತ್ತು.

ನನ್ನ ವಿಷಯ, ಕೆನಡಾದ ಒಂದು ಪ್ರಾಂತ್ಯದಲ್ಲಿ ಹಿಂದೆ ಇದ್ದು ಈಗ ಇಲ್ಲದ ವಿಧಾನಸಭಾ ಕ್ಷೇತ್ರ. ಗಣಿ ಮುಚ್ಚಿತು, ಜನ ಕಡಿಮೆಯಾದರು, ಪುನರ್ವಿಂಗಡಣೆಯವರು ಬಂದು ಅದನ್ನು ನದಿಯಾಚೆಯ ದೊಡ್ಡ ಕ್ಷೇತ್ರಕ್ಕೆ ಸೇರಿಸಿಬಿಟ್ಟರು. ಇದನ್ನೆಲ್ಲ ಯಾರು ಓದುತ್ತಾರೆ ಎಂದು ಗಂಡ ಕೇಳಿದ್ದ. ನಿನ್ನ ಮೀಟಿಂಗುಗಳನ್ನು ಯಾರು ಕೇಳುತ್ತಾರೋ ಅವರೇ ಎಂದಿದ್ದೆ. ಕೊನೆಯ ಅಧ್ಯಾಯವನ್ನು ಶುಕ್ರವಾರ ಕೊಡಬೇಕಿತ್ತು. ಗಡುವನ್ನು ಒಮ್ಮೆ ಮುಂದೂಡಿಸಿಕೊಂಡಾಗಿತ್ತು. ಈ ಸಲ ಕೊಡದಿದ್ದರೆ ಅಷ್ಟು ದಿನದ ಓದೆಲ್ಲ ನೀರುಪಾಲು.

ಬುಧವಾರ ಮಗಳು ಪಕ್ಕದಲ್ಲಿ ಬಂದು ನಿಂತು, ನಾನು ಬರೆದದ್ದನ್ನು ಇಣುಕಿ ಓದಿದಳು. "ವಾಟ್ ಹ್ಯಾಪನ್ಡ್ ಟು ದ ಪೀಪಲ್, ಅಮ್ಮ?"

"ಅವ್ರೆಲ್ಲ ಅಲ್ಲೇ ಇದ್ರು ಕಣೆ. ಆದ್ರೆ ನಿಮ್ಗೇನು ಬೇಕು ಅಂತ ಯಾರೂ ಕೇಳ್ತಾ ಇರ್ಲಿಲ್ಲ."

ಹೇಳುತ್ತಿದ್ದಂತೆ ಅಳುವೇ ಬಂದುಬಿಟ್ಟಿತು. ಎಂದೂ ನೋಡದ ಆ ಊರಿಗಾಗಿ ಅಳುತ್ತಿದ್ದೇನೆಂದು ಮಗಳು ನಂಬಲಿಲ್ಲ. ಬೋರ್ಡನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹೋದಳು.

ಮರುದಿನ ಬೆಳಿಗ್ಗೆ ಗಂಡನ ಕುರ್ಚಿಯ ಮೇಲೆ ನನ್ನದೊಂದು ಕರ್ಚೀಫು ಬಿದ್ದಿತ್ತು. ಬೆಂಗಳೂರಿನ ಬಸ್ಸಿಗೆ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುತ್ತಿದ್ದ ಪರಾಕ್ರಮವನ್ನು ಮಗಳ ಮುಂದೆ ನೂರು ಸಲ ಕೊಚ್ಚಿಕೊಂಡವನು ಅವನೇ. ಕಾಫಿ, ಲ್ಯಾಪ್‌ಟಾಪ್ ಹಿಡಿದು ಬಂದವನು ಹಾಗೇ ನಿಂತ.

"ಯಾರ್ದಮ್ಮ ಇದು?"

"ಅಮ್ಮಾಸ್ ಸೀಟ್, ಅಪ್ಪ. ದಿ ಐರನಿಂಗ್ ಬೋರ್ಡ್ ಈಸ್ ಗ್ರ್ಯಾಂಡ್ ಫಾರ್ ಯು."

ಅವನು ಸಿಗ್ನಲ್ ಬೇಕಾದರೆ ಮುರಿದಾನು, ಸೀಟಿನ ಮೇಲಿನ ಕರ್ಚೀಫನ್ನು ಮಾತ್ರ ಮುಟ್ಟುವವನಲ್ಲ. ಬೋರ್ಡಿನ ಹತ್ತಿರ ಹೋದ. ಮೊದಲ ಮೀಟಿಂಗಿನಲ್ಲೇ ಮೊಣಕೈ ಊರಿ, ಬೋರ್ಡು ವಾಲಿಸಿ, ಸಹೋದ್ಯೋಗಿಗಳಿಗೆಲ್ಲ ನಮ್ಮ ಮನೆಯ ಸೂರಿನ ದರ್ಶನ ಮಾಡಿಸಿದ. ನಾನು ನಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಶುಕ್ರವಾರ ಸಂಜೆ ಅಧ್ಯಾಯ ಕಳಿಸಿ ಮೇಲೆದ್ದೆ. ಗಂಡ ಲ್ಯಾಪ್‌ಟಾಪ್ ಎತ್ತಿಕೊಂಡು ಕುರ್ಚಿಯವರೆಗೆ ಬಂದ, ಕೂರಲಿಲ್ಲ.

"ಮುಗೀತಲ್ಲ. ಇನ್ನೂ ನಿಂಗೆ ಈ ಸೀಟು ಬೇಕಾ?"

ಅಷ್ಟು ತಿಂಗಳಲ್ಲಿ ಬೇಕಾ ಎಂದು ಅವನು ನನ್ನನ್ನು ಕೇಳಿದ್ದು ಅದೇ ಮೊದಲು.

"ಬೇಕು," ಎಂದೆ.