ಮೇಲಕ್ಕೆ ಓಡಿದ ಬಿಳಿ ಮೀನು

ಹಾಸನದಲ್ಲಿ ನಾವು ಹಾರ್ಡ್‌ವೇರ್ ಅಂಗಡಿ ಇಟ್ಟು ಬಹಳ ವರ್ಷಗಳಾದವು. ಪೈಪು, ನಲ್ಲಿ, ಮೊಳೆ, ಹಗ್ಗ ಇವೆಲ್ಲ ನಮ್ಮ ಯಜಮಾನರ ಪಾಲು. ಬಾಗಿಲ ಪಕ್ಕದ ಒಂದು ಗಾಜಿನ ಕಪಾಟು ಮಾತ್ರ ನನ್ನದು. ಅದರಲ್ಲಿ ಗಾಳ, ಟಂಗೂಸ್ ದಾರ, ಬೆಂಡು, ರೀಲು, ಮೀನು ಹಿಡಿಯುವ ಕಡ್ಡಿ ಇರುತ್ತವೆ. ಕಟ್ಟಾಯದ ಹತ್ತಿರ ಕೆರೆ ಏರಿಯ ಮೇಲೆ ಅಪ್ಪನ ಪಕ್ಕ ಕೂತು ಜಿಲೇಬಿ ಮೀನು ಎಳೆಯುತ್ತ ಬೆಳೆದವಳು ನಾನು. ಮದುವೆಯಾದ ಹೊಸದರಲ್ಲಿ ಅತ್ತೆ ಮನೆಯವರು ನನ್ನ ಗಾಳದ ಹುಚ್ಚು ಕಂಡು ನಕ್ಕರು. ಭಾನುವಾರದ ಸಾರಿಗೆ ಮೀನು ಬರತೊಡಗಿದ ಮೇಲೆ ನಗುವುದನ್ನು ಬಿಟ್ಟರು.

ಈಗೀಗ ಹೊರಗಿನಿಂದ ಗಾಳ ಹಾಕಲೆಂದೇ ಬರುವವರು ಹೆಚ್ಚು. ಕಪಾಟಿನ ಮುಂದೆ ನಿಂತು, ಎಲ್ಲಿ ಯಾವ ಮೀನು ಸಿಗುತ್ತದೆ ಎಂದು ಕೇಳುತ್ತಾರೆ. ಹೇಮಾವತಿ ಹಿನ್ನೀರಿಗೆ ಹೋಗಿ, ಕಾಟ್ಲಾ, ರೋಹು ಇವೆ ಎನ್ನುತ್ತೇನೆ. ಬಾಗೂರಿನ ಸುತ್ತಿನ ಕೆರೆಗಳಲ್ಲಿ ಜೊಂಡಿನ ಅಂಚಿಗೆ ರಬ್ಬರಿನ ಕಪ್ಪೆ ಎಳೆದರೆ ಕೊರವ ಮೀನು ನೀರು ಒಡೆದುಕೊಂಡು ಬಂದು ಕಚ್ಚುತ್ತದೆ. ಹೊಳೆನರಸೀಪುರದ ಕೆಳಗಿನ ಮಡುಗಳಲ್ಲಿ ಬಾಳೆ ಮೀನು ಇದೆ, ಬಾಯಿ ತುಂಬ ಹಲ್ಲು, ಬೆರಳು ಜೋಪಾನ. ಇಷ್ಟೆಲ್ಲ ಕೇಳಿಸಿಕೊಂಡು ಕೊನೆಗೆ ಎಲ್ಲರೂ ಬರುವುದು ಒಂದೇ ಪ್ರಶ್ನೆಗೆ. ಬಿಳಿ ಮೀನು ಎಲ್ಲಿ? ಪುಸ್ತಕದವರು ಮಹಶೀರ್ ಎನ್ನುವ ಆ ಮೀನು ಅರಕಲಗೂಡು ತಾಲ್ಲೂಕಿನ ಕಡೆ ಕಾವೇರಿಯಲ್ಲಿದೆ. ಆ ಮಾತು ಬಂದರೆ ನಾನು ಸ್ವಲ್ಪ ತಡೆಯುತ್ತೇನೆ. ಆ ಹೊಳೆಯಲ್ಲಿ ಕೆಲವು ಕಡೆ ಮೀನು ದೇವರದ್ದು. ದೇವಸ್ಥಾನದ ಸೋಪಾನದ ಮೇಲೆ ನಿಂತು ಜನ ಪುರಿ ಎರಚುತ್ತಾರೆ, ಮೊಣಕೈಯುದ್ದದ ಮೀನುಗಳು ಕಾಲ ಹತ್ತಿರವೇ ಬಂದು ತಿನ್ನುತ್ತವೆ. ಅವನ್ನು ಯಾರೂ ಮುಟ್ಟುವುದಿಲ್ಲ.

ಒಂದು ಚಳಿಗಾಲ ಅದನ್ನೇ ಕೇಳಿಕೊಂಡು ಬಂದವರು ಕರಾವಳಿಯ ಒಬ್ಬ ಹಿರಿಯರು. ಹಡಗಿನಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಅಳಿವೆಯ ಬಾಯಲ್ಲಿ, ಕಲ್ಲಿನ ತಡೆಗೋಡೆಯ ಮೇಲೆ ನಿಂತು ಕುರುಡಿ, ಮುರು, ಕೆಂಬೇರಿಯಂಥ ಉಪ್ಪುನೀರಿನ ಮೀನು ಹಿಡಿದು ಕೈ ಪಳಗಿತ್ತು. ದೋಣಿಯಲ್ಲಿ ಹೋಗಿ ಅಂಜಲ್ ಕೂಡ ಹಿಡಿದಿದ್ದರು. ಹಿಡಿದ ಮೀನನ್ನು ತಿನ್ನುವುದು ಅವರು ಬಿಟ್ಟು ಎಷ್ಟೋ ಕಾಲವಾಗಿತ್ತು. ಹಿಡಿಯುವುದು, ಒಮ್ಮೆ ನೋಡುವುದು, ಬಿಡುವುದು. ಗಾಳದ ಒಳಮುಳ್ಳನ್ನೂ ಇಕ್ಕಳದಿಂದ ಒತ್ತಿ ಸಪಾಟು ಮಾಡಿಕೊಂಡಿದ್ದರು, ಬಿಡಿಸುವಾಗ ಮೀನಿನ ಬಾಯಿ ಹರಿಯಬಾರದೆಂದು.

"ಉಪ್ಪುನೀರಿನದ್ದು ಎಲ್ಲ ಆಯ್ತು ಅಮ್ಮ. ಒಂದು ಬಿಳಿ ಮೀನು ಮಾತ್ರ ಬಾಕಿ," ಎಂದರು. ಅವರ ಒಂದು ಮೊಣಕಾಲು ಸರಿಯಿರಲಿಲ್ಲ. ಇನ್ನು ಹೆಚ್ಚು ವರ್ಷ ಹೊಳೆ ಇಳಿಯಲಾರೆ ಎಂದೂ ಹೇಳಿದರು. ನಾನು ಒಪ್ಪಿದೆ.

ಮೀನುಗಾರಿಕೆ ಇಲಾಖೆಯ ಅನುಮತಿಯ ಕೆಲಸ ಮುಗಿಸಿ, ಒಂದು ಬೆಳಿಗ್ಗೆ ನನ್ನ ಕಾರಿನಲ್ಲೇ ಅವರನ್ನು ಕರೆದುಕೊಂಡು ಹೋದೆ. ದೇವಸ್ಥಾನದ ಊರು ದಾಟಿ, ಕೆಳಗಡೆ ಹೊಳೆ ಬಳಸಿ ತಿರುಗುವಲ್ಲಿ ನಿಲ್ಲಿಸಿದೆ. ಅಲ್ಲಿಂದ ದೇವಸ್ಥಾನ ಕಾಣುವುದಿಲ್ಲ. ಟೀ ಅಂಗಡಿಯವನನ್ನೂ ಕೇಳಿದೆ. "ಇಲ್ಲಿ ಆಕ್ಬೋದು ಕಣಕ್ಕ, ನಮ್ಮೋರೂ ಆಕ್ತಾರೆ. ಮ್ಯಾಲಕ್ಕೆ ಮಾತ್ರ ಓಗ್ಬ್ಯಾಡಿ," ಎಂದ.

ಹಿರಿಯರು ರಾಗಿ ಹಿಟ್ಟು ಬೇಯಿಸಿ ಕಟ್ಟಿದ ಉಂಡೆಯನ್ನು ಗಾಳಕ್ಕೆ ಮೆತ್ತಿ, ಎರಡು ಬಂಡೆಗಳ ನಡುವೆ ನೀರು ಸುಳಿಯುವ ಕಡೆ ಎಸೆದರು. ಬಹಳ ಹೊತ್ತು ಏನೂ ಇಲ್ಲ. ಬಿಸಿಲು ಬಂಡೆಗೆ ಬಂದಿತ್ತು. ನಾನು ಬುತ್ತಿಯ ಚಿತ್ರಾನ್ನ ಬಿಚ್ಚುತ್ತಿದ್ದೆ. ಆಗ ಕಡ್ಡಿ ಒಮ್ಮೆಲೇ ಬಾಗಿತು. ರೀಲು ಕಿರುಚಿದ ಸದ್ದಿಗೆ ಡಬ್ಬಿ ನನ್ನ ಕೈಯಿಂದ ಜಾರಿತು.

ಬಿಳಿ ಮೀನು ಕಚ್ಚಿದರೆ ಸಾಮಾನ್ಯವಾಗಿ ಹೊಳೆಯ ಸೆಳೆತದ ಜೊತೆ ಕೆಳಕ್ಕೆ ಓಡುತ್ತದೆ ಎಂದು ನಾನು ಕೇಳಿದ್ದೆ. ಇದು ಮೇಲಕ್ಕೆ ಓಡಿತು. ನೀರಿನ ಎದುರಿಗೆ, ತಡೆಯಿಲ್ಲದೆ. ರೀಲಿನ ದಾರ ಕರಗುತ್ತಲೇ ಹೋಯಿತು.

"ಬಿಟ್ಟರೆ ದಾರ ಪೂರಾ ಮುಗೀತದೆ, ಹಿಂದೆ ಹೋಗ್ಬೇಕು," ಎನ್ನುತ್ತ ಹಿರಿಯರು ದಡದ ಕಲ್ಲುಗಳ ಮೇಲೆ ಹೊರಟೇಬಿಟ್ಟರು. ಆ ಕಾಲಲ್ಲಿ ಅಷ್ಟು ಬೇಗ ಹೇಗೆ ನಡೆದರೋ ಕಾಣೆ. ನಾನು ಅವರ ಸೊಂಟದ ಬೆಲ್ಟು ಹಿಡಿದು ಹಿಂದೆ ನಡೆದೆ.

"ಸರ್, ಮೇಲೆ ಹೋಗೋ ಹಾಗಿಲ್ಲ. ಅಲ್ಲಿ ದೇವಸ್ಥಾನ."

"ಗೊತ್ತುಂಟು ಅಮ್ಮ. ನಾನು ತಿರುಗಿಸ್ತಾ ಇದ್ದೇನೆ. ಅದು ಕೇಳ್ಬೇಕಲ್ಲ!"

ತಿರುವು ದಾಟಿದೆವು. ಎದುರಿಗೆ ಗೋಪುರ, ಅದರ ಕೆಳಗೆ ಸೋಪಾನ, ಸೋಪಾನದ ಮೇಲೆ ಜನ. ಬಟ್ಟೆ ಒಗೆಯುವವರು, ಪುರಿ ಎರಚುವವರು, ಮಿಂದು ಒದ್ದೆ ಪಂಚೆಯಲ್ಲಿ ನಿಂತವರು. ಮೊದಲು ಒಂದು ಹೆಣ್ಣುಮಗಳು ನಮ್ಮನ್ನು ನೋಡಿದಳು. ಆಮೇಲೆ ಎಲ್ಲರೂ ನೋಡಿದರು.

"ಏಯ್! ಯಾರ್ಲಾ ಅದು? ದ್ಯಾವ್ರ ಮೀನಿಗೆ ಗಾಳ ಆಕವ್ರೆ ಕಣ್ರಲಾ!"

ದಡದುದ್ದಕ್ಕೂ ಜನ ಓಡಿಬಂದರು. ಮುಂದೆ ಇದ್ದವನು ಹೆಗಲ ಮೇಲೆ ಹಸಿರು ಟವೆಲ್ ಹಾಕಿದ್ದ ಗಟ್ಟಿಮುಟ್ಟಾದ ಆಳು. ನಮಗಿಂತ ಸ್ವಲ್ಪ ಮೇಲಿನ ಬಂಡೆಯ ಮೇಲೆ ನಿಂತು ಕೂಗಿದ.

"ದಾರ ಕೊಯ್ರಿ! ಕೊಯ್ರಿ ಅಂದ್ರೆ!"

ನನ್ನ ಸೊಂಟದ ಚೀಲದಲ್ಲಿ ಕತ್ತರಿಯಿತ್ತು. ಕೈ ಅಲ್ಲಿಗೇ ಹೋಯಿತು. ಕತ್ತರಿಸಿ, ಕೈ ಮುಗಿದು, ಕಾರು ಹತ್ತಿ ಹೋಗಿಬಿಡೋಣ ಅನ್ನಿಸಿತು. ಹಿರಿಯರು ತಲೆ ತಿರುಗಿಸದೆಯೇ ಹೇಳಿದರು.

"ಕೊಯ್ಬೇಡಿ ಅಮ್ಮ. ಇಷ್ಟುದ್ದ ದಾರ ಎಳ್ಕೊಂಡು ಹೋಗಿ ಕಲ್ಲಿಗೆ ಸುತ್ತಿ ಹಾಕ್ಕೊಳ್ತದೆ. ಸಿಕ್ಕಿಬಿದ್ದು ಸಾಯ್ತದೆ. ಹತ್ತಿರ ತಂದು ಗಾಳ ಬಿಡಿಸ್ಲೇಬೇಕು."

ಅವರು ಹೇಳಿದ್ದು ನಿಜ. ಆದರೆ ಅದನ್ನು ಆ ಗುಂಪಿಗೆ ಹೇಗೆ ಹೇಳುವುದು? ನಾನು ಹಸಿರು ಟವೆಲ್ಲಿನವನ ಕಡೆ ತಿರುಗಿ, "ಅಣ್ಣ, ಕತ್ತರಿಸಿದ್ರೆ ಮೀನು ಸಾಯುತ್ತೆ. ಬಿಡಿಸಿ ನೀರಿಗೇ ಬಿಡ್ತೀವಿ. ನಾವು ತಗೊಂಡು ಹೋಗಲ್ಲ," ಎಂದು ಕೂಗಿದೆ.

"ಕಳ್ರೆಲ್ಲಾ ಇಂಗೇ ಯೋಳೋದು!" ಹಿಂದಿನಿಂದ ಯಾರೋ ಎಂದರು. ಒಂದು ಕಲ್ಲು ನಮ್ಮ ಮುಂದಿನ ನೀರಿಗೆ ಬಿತ್ತು. ಇನ್ನೊಂದು ಬಂಡೆಗೆ ಬಡಿದು ನನ್ನ ಕಾಲ ಪಕ್ಕ ಹಾರಿತು.

ಅಷ್ಟರಲ್ಲಿ ಮೀನು ದಣಿದಿತ್ತು. ಹಿರಿಯರು ಬಗ್ಗಿ ಬಗ್ಗಿ ಎದ್ದು, ಸಿಕ್ಕಷ್ಟು ದಾರ ಸುತ್ತಿಕೊಳ್ಳುತ್ತಿದ್ದರು. ತಿಳಿನೀರಿನಲ್ಲಿ ಅದು ಮೊದಲ ಸಲ ಕಂಡಿತು. ಅಗಲಗಲ ಹುರುಪೆಗಳು, ಬೆನ್ನು ಕಂದು, ಪಕ್ಕೆ ಬಂಗಾರದ ಬಣ್ಣ. ನನ್ನ ತೋಳಿಗಿಂತ ಉದ್ದ. ಅಂಥ ಮೀನನ್ನು ನಾನು ಅಷ್ಟು ಹತ್ತಿರದಿಂದ ಎಂದೂ ಕಂಡಿರಲಿಲ್ಲ. ನೋಡಿ ಸಂತೋಷಪಡುವ ಹೊತ್ತು ಅದಾಗಿರಲಿಲ್ಲ.

ಕೊನೆಯ ಎಳೆತಕ್ಕೆ ಹಿರಿಯರ ಕಾಲು ಪಾಚಿಯ ಮೇಲೆ ಜಾರಿತು. ಕೂತ ಹಾಗೆ ಬಿದ್ದರು. ಕಡ್ಡಿ ಬಿಡಲಿಲ್ಲ, ಆದರೆ ಏಳಲೂ ಆಗಲಿಲ್ಲ. ಮುಖ ಬಿಳುಚಿಕೊಂಡಿತ್ತು.

"ನೀವೇ ಇಳೀರಿ ಅಮ್ಮ. ನನ್ನಿಂದ ಆಗ್ತಾ ಇಲ್ಲ."

ನಾನು ಸೀರೆಯಲ್ಲಿರಲಿಲ್ಲ ಸದ್ಯ, ಚೂಡಿದಾರದಲ್ಲಿದ್ದೆ. ನೀರಿಗೆ ಇಳಿದೆ. ಸೊಂಟದವರೆಗೆ ಬಂತು, ಚಳಿಗೆ ಉಸಿರು ಸಿಕ್ಕಿಕೊಂಡಿತು. ದಾರ ಹಿಡಿದು ಮೀನಿನ ತಲೆಯ ಹತ್ತಿರ ಹೋದೆ. ಗಾಳ ತುಟಿಯ ಮೂಲೆಯಲ್ಲಿತ್ತು. ಒಳಮುಳ್ಳಿಲ್ಲದ್ದರಿಂದ ಒಂದೇ ತಿರುವಿಗೆ ಕಳಚಿಬಂತು. ಅದನ್ನು ಮೇಲೆತ್ತಿ ಎಲ್ಲರಿಗೂ ತೋರಿಸಿದೆ.

"ಬಿಡ್ಸಿದೀನಿ! ನೋಡಿ!"

ನಾನು ಆ ಮಾತು ಮುಗಿಸುವಷ್ಟರಲ್ಲಿ ಮೀನು ಪಕ್ಕಕ್ಕೆ ವಾಲಿ, ಬಿಳಿ ಹೊಟ್ಟೆ ಮೇಲೆ ಮಾಡಿ ತೇಲಿತು.

ದಡದಿಂದ ಒಬ್ಬ ಹೆಂಗಸು, "ಅಯ್ಯೋ ಸತ್ತೋಯ್ತು ಕಣ್ರೋ!" ಎಂದಳು. ಹಸಿರು ಟವೆಲ್ಲಿನವನು ಬಂಡೆಯಿಂದ ಧುಮುಕಿ, ಹಿರಿಯರ ಕೈಯಿಂದ ಕಡ್ಡಿ ಕಿತ್ತುಕೊಂಡ. ಕಲ್ಲಿಗೆ ಒಂದು ಸಲ ಹೊಡೆದ. ಮುರಿಯಲಿಲ್ಲ. ಮೊಣಕಾಲಿಗೆ ಕೊಟ್ಟು ಮುರಿದ. ಹಿರಿಯರು ತಡೆಯಲಿಲ್ಲ. ಅವರ ಕಣ್ಣು ಮೀನಿನ ಮೇಲೆಯೇ ಇತ್ತು.

"ಅಮ್ಮ, ತಲೆ ನೀರು ಬರೋ ಕಡೆ ಮಾಡಿ. ನೆಟ್ಟಗೆ ಹಿಡೀರಿ. ಅದು ಸತ್ತಿಲ್ಲ, ಸುಸ್ತಾಗಿದೆ ಅಷ್ಟೆ. ಕಿವಿರಿಗೆ ನೀರು ಹೋಗ್ಬೇಕು."

ಒಂದು ಕೈ ಹೊಟ್ಟೆಯ ಕೆಳಗೆ ಕೊಟ್ಟೆ, ಇನ್ನೊಂದರಲ್ಲಿ ಬಾಲದ ಬುಡ ಹಿಡಿದೆ. ತಲೆಯನ್ನು ಸೆಳೆತಕ್ಕೆ ಎದುರಾಗಿ ತಿರುಗಿಸಿದೆ. ಅದರ ಭಾರವೆಲ್ಲ ನನ್ನ ಅಂಗೈಯಲ್ಲಿ ಸಡಿಲವಾಗಿ ಬಿದ್ದಿತ್ತು, ನಿದ್ದೆ ಹೋದ ಮಗುವಿನ ಹಾಗೆ. ಕಿವಿರು ಅಲುಗುತ್ತಿರಲಿಲ್ಲ.

"ಸತ್ರೆ ನಿಮ್ಮನ್ನ ಇಲ್ಲಿಂದ ಕಳ್ಸಕಿಲ್ಲ ಕಣಮ್ಮ. ತಿಳ್ಕಳಿ," ಎಂದ ಟವೆಲ್ಲಿನವನು. ಕೂಗಲಿಲ್ಲ. ಮೆಲ್ಲಗೆ ಹೇಳಿದ. ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಅವನ ಹಿಂದಿದ್ದವರ ಕೈಯಲ್ಲಿ ಕಲ್ಲುಗಳಿದ್ದವು.

ಆಗ ಸೋಪಾನದ ಕಡೆಯಿಂದ ಒಬ್ಬ ಅಜ್ಜಿ ನೀರಿನಲ್ಲೇ ನಡೆದು ಬಂದಳು. ಪುರಿಯ ಚೀಲ ಇನ್ನೂ ಸೆರಗಿಗೆ ಕಟ್ಟಿತ್ತು. ನಾನು ಬೆನ್ನು ಬಾಗಿಸಿಕೊಂಡೆ, ಹೊಡೆಯುತ್ತಾಳೆ ಎಂದೇ. ಅಜ್ಜಿ ನನಗೂ ದಡಕ್ಕೂ ನಡುವೆ ಬಂದು ನಿಂತಳು.

"ಕಲ್ಲು ಕೆಳ್ಗಾಕ್ರಲಾ! ಮೀನ್ಗೆ ತಗುಲ್ತದೆ," ಎಂದು ಅವರನ್ನು ಗದರಿದಳು. ನನ್ನ ಕಡೆಯೂ ತಿರುಗಿದಳು. "ನೀನೇನು ಮಾಡ್ಕಂಡೆ ಇದು? ಮನೇಲಿ ಅನ್ನ ಇರ್ನಿಲ್ವಾ ನಿಂಗೆ?"

ಬೆರಳುಗಳಿಗೆ ಜೋಮು ಹಿಡಿಯತೊಡಗಿತು. ಮೀನು ಕೈಯಲ್ಲಿದೆಯೋ ಇಲ್ಲವೋ ಎಂಬುದೇ ಗೊತ್ತಾಗದಂತಾಯಿತು. ಕಣ್ಣಿನಿಂದ ನೋಡಿಕೊಂಡೇ ಹಿಡಿಯಬೇಕಾಯಿತು. ಎಷ್ಟು ಹೊತ್ತು ಹಾಗೆ ನಿಂತೆನೋ ಗೊತ್ತಿಲ್ಲ. ಯಾರೋ ಮಂತ್ರ ಹೇಳತೊಡಗಿದರು, ಅರ್ಧಕ್ಕೆ ಬಿಟ್ಟರು. ಒಂದು ಮೋಟಾರು ಬೈಕು ಬಂದು ನಿಂತ ಸದ್ದಾಯಿತು. ಇನ್ನಷ್ಟು ಜನ ಬಂದಿರಬೇಕು. ನಾನು ತಲೆ ಎತ್ತಲಿಲ್ಲ.

ಕಿವಿರಿನ ಮುಚ್ಚಳ ಒಮ್ಮೆ ಎದ್ದಿತು. ನೀರಿನ ಸೆಳೆತಕ್ಕೆ ಎದ್ದಿರಬಹುದು ಎಂದುಕೊಂಡೆ. ತಡೆದು ಇನ್ನೊಮ್ಮೆ ಎದ್ದಿತು, ಮುಚ್ಚಿಕೊಂಡಿತು. ಅಜ್ಜಿ ಬಗ್ಗಿ ನೋಡಿದಳು.

"ಸುಮ್ಕಿರ್ರಪ್ಪೋ. ಉಸ್ರಾಡ್ತಾ ಅದೆ."

"ಬಿಡ್ಬೇಡಿ ಈಗ್ಲೇ," ಎಂದು ಹಿರಿಯರು ಕೂತಲ್ಲಿಂದಲೇ ಹೇಳಿದರು. "ಅದಾಗಿಯೇ ಹೋಗ್ಲಿ. ತಳ್ಬೇಡಿ."

ಬಿಟ್ಟುಬಿಡಬೇಕೆಂಬ ಆಸೆ ತಡೆಯಲಾರದಷ್ಟಿತ್ತು. ಬಿಟ್ಟರೆ ಮುಗಿಯಿತು, ದಡ ಹತ್ತಬಹುದು. ಆದರೆ ಬಿಟ್ಟ ಮೇಲೆ ಮತ್ತೆ ಹೊಟ್ಟೆ ಮೇಲೆ ಮಾಡಿದರೆ? ಹಿಡಿದೇ ಇದ್ದೆ. ನಿಧಾನವಾಗಿ ಮೀನಿನ ಮೈ ಬಿಗಿಯಾಯಿತು. ಅಂಗೈಯ ಮೇಲಿನ ಭಾರ ಕಡಿಮೆಯಾಗುತ್ತ ಬಂತು, ತನ್ನನ್ನು ತಾನೇ ಹೊತ್ತುಕೊಂಡ ಹಾಗೆ. ಬಾಲ ಒಮ್ಮೆ ನನ್ನ ಮುಷ್ಟಿಯನ್ನು ಒದ್ದಿತು. ಇನ್ನೊಂದು ಒದೆತಕ್ಕೆ ಕೈ ತಾನೇ ಬಿಚ್ಚಿಕೊಂಡಿತು. ನನ್ನ ಮುಖಕ್ಕೆಲ್ಲ ನೀರು ಎರಚಿ ಮೀನು ಆಳಕ್ಕೆ ಹೋಯಿತು. ದೇವಸ್ಥಾನದ ಕಡೆಗೆ.

ಎಲ್ಲರೂ ನೀರನ್ನೇ ನೋಡುತ್ತಿದ್ದರು, ಮತ್ತೆಲ್ಲಾದರೂ ಬಿಳಿ ಹೊಟ್ಟೆ ತೇಲುತ್ತದೆಯೋ ಎಂದು. ತೇಲಲಿಲ್ಲ. ಅಜ್ಜಿ ನನ್ನ ರಟ್ಟೆ ಹಿಡಿದು ದಡಕ್ಕೆ ದೂಡಿದಳು.

"ಓಗಿ, ಇವ್ರ ಮನಸ್ಸು ತಿರ್ಗೋಕ್ ಮುಂಚೆ ಓಗಿ."

ಹಿರಿಯರನ್ನು ಎಬ್ಬಿಸಿ ನನ್ನ ಹೆಗಲಿಗೆ ಆನಿಸಿಕೊಂಡು ನಡೆದೆ. ಜನ ದಾರಿ ಬಿಟ್ಟರು. ಮುರಿದ ಕಡ್ಡಿ ಅಲ್ಲೇ ಉಳಿಯಿತು. ಅರಕಲಗೂಡು ದಾಟಿದೆವು. ಆಮೇಲೆ ಅವರು ಕೇಳಿದ್ದು ಕಡ್ಡಿಯ ವಿಷಯವಲ್ಲ. "ಉಳ್ಕೊಳ್ತದಾ ಅಮ್ಮ ಅದು?" ಎಂದರು. ಕೆಲವು ಮೀನು ಚೆನ್ನಾಗಿಯೇ ಈಜಿಹೋಗಿ, ಆಮೇಲೆ ಎಲ್ಲೋ ಸಾಯುತ್ತವೆ. ಅದು ಅವರಿಗೂ ಗೊತ್ತು, ನನಗೂ ಗೊತ್ತು. "ಉಳ್ಕೊಳ್ಳುತ್ತೆ ಸರ್," ಎಂದೆ.

ಮನೆಯಲ್ಲಿ ಯಜಮಾನರು ಎಲ್ಲ ಕೇಳಿ, ಇನ್ನು ಆ ಕಡೆ ತಲೆ ಹಾಕಿಯೂ ಮಲಗಬೇಡ ಎಂದರು. ನಾನೂ ಸರಿ ಎಂದೆ. ಆದರೆ ಮನಸ್ಸು ಕೇಳಲಿಲ್ಲ. ಅಂಗಡಿಯಲ್ಲಿ ಗಿರಾಕಿಗೆ ಗಾಳ ಎಣಿಸಿಕೊಡುವಾಗಲೂ ಆ ಸಡಿಲ ಭಾರ ಅಂಗೈಯಲ್ಲಿ ಬಂದು ಕೂರುತ್ತಿತ್ತು. ಕೆಲವು ವಾರ ಕಳೆದ ಮೇಲೆ, ಗಾಳ ದಾರ ಯಾವುದೂ ಇಲ್ಲದೆ ಒಬ್ಬಳೇ ಆ ಊರಿಗೆ ಹೋದೆ. ಸೋಪಾನದ ಮೇಲಿನ ಕಟ್ಟೆಯಲ್ಲಿ ಅವನೇ ಕೂತಿದ್ದ. ಈ ಸಲ ಟವೆಲ್ ಇರಲಿಲ್ಲ, ಆದರೂ ಗುರುತು ಸಿಕ್ಕಿತು. ಅವನಿಗೂ ಸಿಕ್ಕಿತು. ಎದ್ದು ನಿಂತ. ಕಾಲು ಹಿಂದಕ್ಕೆ ಹೋಗುತ್ತಿದ್ದುದನ್ನು ತಡೆದುಕೊಂಡೆ.

"ಏನಮ್ಮ, ಇನ್ನೂ ಏನ್ ಬೇಕಿತ್ತು?"

"ಆ ಮೀನು ಏನಾಯ್ತು ಅಂತ ಕೇಳೋಕೆ ಬಂದೆ ಅಣ್ಣ."

ಅವನು ನನ್ನ ಕೈ, ಚೀಲ, ಆಚೆ ನಿಂತ ಕಾರು ಎಲ್ಲ ನೋಡಿದ. "ನೀವ್ ಓದ್ಮ್ಯಾಲೆ ದಿನಾ ದಡ ನೋಡ್ಕಂಡ್ ಬಂದೆ. ಕೆಳ್ಗಡೆ ಸೇತ್ವೆಗಂಟ ಓಗಿ ನೋಡ್ದೆ. ಸತ್ತಿರೋದು ಒಂದೂ ಸಿಕ್ನಿಲ್ಲ."

"ಸಿಕ್ಕಿದ್ರೆ?"

"ಸಿಕ್ಕಿದ್ರೆ ಟೀ ಅಂಗ್ಡಿಯೋನ್ನ ಕೇಳಿ, ನಿಮ್ಮಂಗ್ಡಿ ಉಡುಕ್ಕಂಡು ಆಸನಕ್ಕೇ ಬತ್ತಿದ್ದೆ."

ಅವನು ನಗಲಿಲ್ಲ. ಮತ್ತೆ ಕಟ್ಟೆಯ ಮೇಲೆ ಕೂತು, "ತಿನ್ನಕಿಲ್ಲ, ಮಾರಕಿಲ್ಲ ಅಂದ್ಮ್ಯಾಲೆ ಯಾಕಮ್ಮ ಇಡೀತೀರಿ?" ಎಂದು ಕೇಳಿದ. ಕೋಪವಿರಲಿಲ್ಲ, ನಿಜವಾಗಿಯೂ ಅವನಿಗೆ ತಿಳಿದುಕೊಳ್ಳಬೇಕಿತ್ತು. ನೀರಿನೊಳಗೆ ಏನಿದೆ ಎಂದು ದಾರದ ತುದಿಯಲ್ಲಿ ತಿಳಿಯುವಾಗಿನ ಖುಷಿಯನ್ನು ಹೇಳಲು ಹೊರಟೆ. ಹೇಳುತ್ತ ಹೇಳುತ್ತ ನನ್ನ ಮಾತು ನನಗೇ ಸಾಲದೆನಿಸಿತು. ಅವನು ತಲೆಯಾಡಿಸಿದ, ಒಪ್ಪಿ ಅಲ್ಲ. ಬಿಳಿ ಮೀನು ಕೇಳಿಕೊಂಡು ಬರುವವರನ್ನು ಇನ್ನು ಈ ಹೊಳೆಗೆ ಕರೆತರುವುದಿಲ್ಲ ಎಂದು ಅವನಿಗೆ ಹೇಳಿ ಬಂದೆ. ಆ ಮಾತನ್ನು ಇವತ್ತಿಗೂ ನಡೆಸಿದ್ದೇನೆ.

ಅಂದು ಸಂಜೆ ಕರಾವಳಿಗೆ ಫೋನ್ ಮಾಡಿದೆ. ಮೀನು ಸತ್ತಿಲ್ಲವಂತೆ ಸರ್ ಎಂದೆ ಹಿರಿಯರಿಗೆ. "ಯಾರು ಹೇಳಿದ್ದು?" ಎಂದರು. ಕಡ್ಡಿ ಮುರಿದವರೇ ಎಂದೆ.

"ಏನು ಹೇಳಿದ ಅವ? ಅವನ ಮಾತಲ್ಲೇ ಹೇಳಿ ಅಮ್ಮ, ಒಂದೂ ಬಿಡದೆ."

ನಾನು ಕುರ್ಚಿ ಎಳೆದುಕೊಂಡು ಕೂತು ಮೊದಲಿನಿಂದ ಹೇಳತೊಡಗಿದೆ.